ಅತ್ತೆಯ ಕೆಂಪು ನೀರು

ನಮ್ಮ ಸೋದರತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಳಗದಲ್ಲಿ ಯಾರೂ ಮುಂದೆ ಬರುವುದಿಲ್ಲ. ಆಕೆಗೆ ಸೂಜಿಯ ಭಯವಿಲ್ಲ, ನಮಗೆ ಆಕೆಯ ಗಂಟಲಿನ ಭಯ!

ಅತ್ತೆಯದು ನೈಟಿ, ಲಂಗಗಳ ಸಂತೆ ವ್ಯಾಪಾರ. ಒಂದೊಂದು ದಿನ ಒಂದೊಂದು ಊರು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಬೆಳಗ್ಗೆ ಗಂಟು ಹೊತ್ತು ಹೊರಟರೆ ಸಂಜೆ ಮನೆ ಸೇರುವವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಗಂಡಸ್ರಿಗೆ ಊರು ತುಂಬಾ ಗೋಡೆ ಅದಾವೆ. ನಾನೆಲ್ಲಿ ಹೋಗ್ಲಿ, ನಿನ್ನ ತಲೆ ಮ್ಯಾಲಾ?" ಎನ್ನುತ್ತಿದ್ದಳು.

ತಡೆದೂ ತಡೆದೂ ಒಂದೇ ವರ್ಷದಲ್ಲಿ ಮೂರನೆಯ ಸಲ ಉರಿಮೂತ್ರ, ಜೊತೆಗೆ ಚಳಿಜ್ವರ. ಶಾಲೆಗೆ ಹತ್ತಿರವೆಂದು ಆಕೆಯ ಮನೆಯಲ್ಲೇ ಇರುವ ನಾನು ತಪ್ಪಿಸಿಕೊಳ್ಳುವುದೆಲ್ಲಿಗೆ? ಚನ್ನಗಿರಿಯ ಡಾಕ್ಟರಮ್ಮನ ಬಳಿ ಕರೆದೊಯ್ದೆ. ನಾನು ಟೀಚರು, ಮರ್ಯಾದಸ್ಥೆ! ಚೀಟಿ ಬರೆಯುವವಳ ಕಿವಿಯಲ್ಲಿ "ಸ್ವಲ್ಪ… ಆ ತೊಂದರೆ" ಎಂದು ಪಿಸುಗುಟ್ಟಿದೆ.

"ಯಾವ ತೊಂದ್ರೆ? ಉಚ್ಚೆ ಉರಿ ಅನ್ನಾಕೆ ನಿಂಗೇನು ರೋಗ?" ಅತ್ತೆ ಗುಡುಗಿದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. "ಏನ್ ನೋಡ್ತೀರ್ರೀ? ನೀವ್ಯಾರೂ ಉಚ್ಚೆ ಹೊಯ್ಯಲ್ವಾ?" ಇಡೀ ಬೆಂಚು ನೆಲ ನೋಡಿತು.

ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಮಾತ್ರೆ ಕೊಟ್ಟರು. ಚೆನ್ನಾಗಿ ನೀರು ಕುಡಿಯಬೇಕು, ಬಂದಾಗ ತಡೆಯಬಾರದು ಎಂದರು. ಜೊತೆಗೆ ಕ್ರ್ಯಾನ್‌ಬೆರಿ ಪುಡಿಯನ್ನೂ ಬರೆದರು.

"ಅದ್ಯಾವ ಬೆರಿ?"

"ಹೊರದೇಶದ ಹುಳಿ ಹಣ್ಣಮ್ಮ."

"ನಮ್ಮ ಕವಳೆ ಹಣ್ಣಿನ ತಂಗೀನಾ?"

"ಅಲ್ಲ, ಬೇರೇನೇ. ಕೆಲವರಿಗೆ ಮತ್ತೆ ಮತ್ತೆ ಬರದಂಗೆ ಸಹಾಯ ಮಾಡುತ್ತೆ. ಬಂದಿದ್ದನ್ನ ವಾಸಿ ಮಾಡಲ್ಲ. ಮಾತ್ರೆ ಮಧ್ಯದಲ್ಲಿ ಬಿಡಬೇಡಿ."

ಮೆಡಿಕಲ್ ಶಾಪಿನವನು ಆ ಪುಡಿಯನ್ನು ಪೇಪರಿನಲ್ಲಿ ಸುತ್ತಿ ಕರಿ ಕವರಿಗೆ ಹಾಕಿದ. "ಯಾಕಪ್ಪಾ, ಕದ್ದ ಮಾಲಾ? ಬಿಚ್ಚು!" ಎಂದು ಅತ್ತೆ ಡಬ್ಬಿಯನ್ನು ಕೈಯಲ್ಲೇ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ನಡೆದಳು. ನಾನು ಹತ್ತು ಹೆಜ್ಜೆ ಹಿಂದೆ, ಪರಿಚಯವೇ ಇಲ್ಲದವಳಂತೆ!

ವಾಸಿಯಾದ ಮೇಲೆ ನ್ಯಾಮತಿ ಸಂತೆಯಲ್ಲಿ ಅತ್ತೆ ಬಾಟಲಿಯಿಂದ ಆ ಪುಡಿ ಕದಡಿದ ಕೆಂಪು ನೀರು ಕುಡಿಯತೊಡಗಿದಳು. "ಅಮ್ಮ ಬೆಳಬೆಳಗ್ಗೇನೇ ಶುರು ಹಚ್ಕೊಂಡಾಳೆ" ಎಂದು ಪಕ್ಕದ ಈರುಳ್ಳಿ ವ್ಯಾಪಾರಿ ನಕ್ಕನಂತೆ. ಅತ್ತೆ ಅವನ ಲೋಟಕ್ಕೂ ಸುರಿದು, "ಕುಡಿ, ನಿಂಗೂ ಏರ್ಲಿ" ಎಂದಳು. ಕುಡಿದವನ ಕಣ್ಣು, ಮೂಗು, ಬಾಯಿ ಮೂರೂ ಒಂದೇ ಕಡೆ ಸೇರಿದವು. ಅವನ ಈರುಳ್ಳಿ ಕೂಡ ಅವನನ್ನು ಅಷ್ಟು ಅಳಿಸಿರಲಿಲ್ಲ!

ಆದರೆ ಕುಡಿದ ನೀರು ಇಳಿಯಬೇಕಲ್ಲ? ಒಂದು ಸಂತೆಯಲ್ಲಿ, ಊರ ಹೆಸರು ಬೇಡ, ಹೆಂಗಸರ ಶೌಚಾಲಯಕ್ಕೆ ಸದಾ ಬೀಗ. ಕೇಳಿದರೆ "ಕೀಲಿ ಇರೋರು ಊಟಕ್ಕೆ ಹೋಗ್ಯಾರೆ." ಹತ್ತು ಗಂಟೆಗೂ ಊಟ, ಮೂರಕ್ಕೂ ಊಟ. ಅಷ್ಟು ಉಣ್ಣುವ ಮನುಷ್ಯನನ್ನು ಕಣ್ಣಾರೆ ನೋಡುವ ಆಸೆ ನನಗೆ!

ಕಳೆದ ತಿಂಗಳು ರಜೆಯ ದಿನ ಅತ್ತೆ ಜೊತೆ ಆ ಸಂತೆಗೆ ಹೋದೆ. ಆಕೆ ಸೀದಾ ಶೌಚಾಲಯದ ಬಾಗಿಲ ಮುಂದೆಯೇ ನೈಟಿ ಹರವಿ ಕೂತಳು. ಸಂತೆ ನೋಡಿಕೊಳ್ಳುವವನೊಬ್ಬ ಓಡಿ ಬಂದ.

"ಏಳಮ್ಮ, ಇಲ್ಲಿ ವ್ಯಾಪಾರ ಮಾಡಂಗಿಲ್ಲ."

"ಇಲ್ಲಿ ಏನು ಮಾಡಾಕೆ ಅಂತ ಕಟ್ಯಾರೋ ಅದನ್ನ ಮಾಡಾಕೆ ಬಿಡ್ರಿ, ಏಳ್ತೀನಿ."

ಸೊಪ್ಪಿನವರು, ಹೂವಿನವರು, ಕಂಕುಳಲ್ಲಿ ಕೂಸಿದ್ದವಳು, ಒಬ್ಬೊಬ್ಬರೇ ಎದ್ದು ಬಂದು ಅತ್ತೆಯ ಹಿಂದೆ ನಿಂತರು. ಯಾರೂ ಜಾಗ ಬಿಡಲಿಲ್ಲ. ಅರ್ಧ ಗಂಟೆಗೆ ಕೀಲಿ ಹೊರಬಂತು. ಎಲ್ಲಿಂದ? ಅದೇ ಮನುಷ್ಯನ ಜೇಬಿನಿಂದ!

ಅತ್ತೆ ಮೊದಲು ಸೊಪ್ಪಿನ ಅಜ್ಜಿಯನ್ನು ಒಳಗೆ ಕಳಿಸಿದಳು. ಆಮೇಲೆ ನನ್ನತ್ತ ತಿರುಗಿದಳು. "ನೀ ಹೋಗೀಗ."

"ನಂಗೇನಿಲ್ಲ ಅತ್ತೆ."

"ನಾಕು ದಿನದಿಂದ ಹೊಟ್ಟೆ ಹಿಡ್ಕಂಡು ಓಡಾಡ್ತಿದೀಯ. ಬಚ್ಚಲಾಗೆ ಅಳೋದು ನಂಗೆ ಕೇಳಲ್ಲ ಅನ್ಕಂಡ್ಯಾ? ನಾಳೆ ಡಾಕ್ಟ್ರ ಹತ್ರ ಹೋಗಾಣ."

ನಾನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ.

ಒಳಗೆ ಹೋದರೆ ಬಾಗಿಲಿಗೆ ಚಿಲಕವೇ ಇಲ್ಲ. ಏನು ಮಾಡಲಿ ಎಂದು ನಿಂತಿದ್ದಾಗ ಬಾಗಿಲು ಹೊರಗಿನಿಂದ ಮುಚ್ಚಿಕೊಂಡಿತು. ಅದಕ್ಕೆ ಬೆನ್ನು ಒತ್ತಿ ನಿಂತವಳ ಸೀರೆಯ ಅಂಚು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಉರಿಗೆ ಕಣ್ಣಲ್ಲಿ ನೀರು ಬಂತು.

"ಅವಸರ ಮಾಡಬ್ಯಾಡ ಮಗಳೇ," ಎಂದಳು ಅತ್ತೆ, "ನಾ ನಿಂತೀನಿ."