ಮಂಟಪದ ಗಾಡಿಗೆ ಬ್ರೇಕು ಕಟ್ಟಿದ್ದು

ನಾಲ್ಕೇ ನಾಲ್ಕು ತಂತಿ. ಅದರಲ್ಲೇನು ಮಹಾ ಇದೆ ಎಂದುಕೊಂಡೇ ನಾನು ಆ ಕೆಲಸಕ್ಕೆ ಕೈ ಹಾಕಿದ್ದು. ದಿನವಿಡೀ ಸಾವಿರಾರು ತಂತಿಗಳ ನಡುವೆ ಕೂತು ಇಂಟರ್‌ನೆಟ್ಟನ್ನೇ ಹರಿಸುವ ಕಂಪನಿಯಲ್ಲಿ ನೌಕರಿ ಮಾಡುವವನಿಗೆ ನಾಲ್ಕು ತಂತಿ ಯಾವ ಲೆಕ್ಕ!

ಕಡಲಾಚೆಯ ಬೇ ಏರಿಯಾದಲ್ಲಿ ಆಗ ಡಾಟ್ ಕಾಮ್ ಕಾಲ. ನಮ್ಮ ಕಂಪನಿಯ ಷೇರು ದೀಪಾವಳಿಯ ರಾಕೆಟ್ಟಿನ ಹಾಗೆ ಮೇಲೇರುತ್ತಿತ್ತು. ಮೇಲೇರಿದ ರಾಕೆಟ್ಟು ಆಮೇಲೆ ಏನಾಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಹುಮ್ಮಸ್ಸಿನಲ್ಲಿ ನಾನೊಂದು ಭಾರಿ ಗಾಡಿ ಕೊಂಡುಬಿಟ್ಟಿದ್ದೆ. ಮನೆಯಲ್ಲಿರುವುದು ನಾವಿಬ್ಬರು, ಗಾಡಿಯಲ್ಲಿ ಎಂಟು ಸೀಟು.

"ಮಿಕ್ಕ ಆರು ಸೀಟಿಗೆ ಯಾರನ್ನ ಕರ್ಕೊಂಡು ಬರೋಣ ರೀ? ನಮ್ಮೂರು ಮಾರ್ಗನ್ ಹಿಲ್ಲಲ್ಲಿ ಬಸ್ಸಿನ ಥರ ಟಿಕೆಟ್ ಹರಿಯೋಣವಾ?" ಎಂದು ನನ್ನ ಹೆಂಡತಿ ಸುಧಾ ಕೇಳಿದ್ದಳು. ಅಂದಿನಿಂದ ಆ ಗಾಡಿಗೆ ತಕ್ಕ ಒಂದು ಘನಕಾರ್ಯಕ್ಕಾಗಿ ನಾನು ಕಾಯುತ್ತಿದ್ದೆ.

ಘನಕಾರ್ಯ ದೇಸಾಯಿಯವರ ರೂಪದಲ್ಲಿ ಬಂತು. ದೇಸಾಯಿಯವರು ಧಾರವಾಡದವರು, ಸಾಂಟಾ ಕ್ಲಾರಾದಲ್ಲಿ ಮನೆ. ಅವರ ಮಗಳು ಮೇಘಾ ಬರ್ಕ್ಲಿಯಲ್ಲಿ ಓದಿದವಳು. ಮದುವೆಯೂ ಅಲ್ಲೇ, ಬೆಟ್ಟದ ಮೇಲಿನ ಒಂದು ತೋಟದಲ್ಲೇ ಆಗಬೇಕೆಂದು ಹಟ ಹಿಡಿದು ಗೆದ್ದಿದ್ದಳು. ಆದರೆ ದೇಸಾಯಿಯವರ ತಾಯಿಯೂ ಮೊಮ್ಮಗಳ ಮದುವೆಗೆಂದು ಧಾರವಾಡದಿಂದ ಬಂದಿಳಿದಿದ್ದರು. ಇಲ್ಲಿಯ ಯಾವುದೋ ಮದುವೆಯಲ್ಲಿ ಅಲ್ಯುಮಿನಿಯಮ್ ಕೋಲು ನೆಟ್ಟು ಬಲೂನು ಕಟ್ಟಿದ ಮಂಟಪವನ್ನು ನೋಡಿಬಿಟ್ಟಿದ್ದ ಅಜ್ಜಿ ಖಡಾಖಂಡಿತವಾಗಿ ಹೇಳಿದರು: "ನಾಕು ಕಂಬದ ಮಂಟಪ ಇಲ್ಲಂದ್ರ ನಾ ಅಕ್ಷತಾ ಹಾಕಾಂಗಿಲ್ಲ. ನೋಡ್ರಿ, ನಿಮಗ ಬಿಟ್ಟದ್ದು!"

ಇಡೀ ಬೇ ಏರಿಯಾದಲ್ಲಿ ತೇಗದ ಕಂಬದ ಮಂಟಪ ಇದ್ದದ್ದು ನಮ್ಮ ಗರಾಜಿನಲ್ಲಿ ಮಾತ್ರ. ಊರಿಗೆ ವಾಪಸಾದ ಗೆಳೆಯರೊಬ್ಬರು ಬಿಟ್ಟುಹೋದದ್ದು. ಕೆತ್ತನೆಯ ನಾಲ್ಕು ಕಂಬ, ಹಲಗೆಯ ಜಗಲಿ, ಎರಡು ಮಣೆ, ಆಳೆತ್ತರದ ದೀಪಗಳು, ಮೇಲೆ ಹೊದಿಸಲು ಜರಿಯಂಚಿನ ಬಟ್ಟೆ. ಎಲ್ಲ ಸೇರಿ ಎರಡು ಎಮ್ಮೆಯ ತೂಕ.

"ಲಾರಿಗೆ ಹೇಳ್ಲೇನ್ರಿ ಮೂರ್ತಿಯವರ?" ಎಂದರು ದೇಸಾಯಿಯವರು.

"ಲಾರಿ ಯಾಕೆ ದೇಸಾಯರೇ? ನಾನಿದ್ದೀನಲ್ಲ!" ಎಂದೆ. ಸುಧಾ ಅಡುಗೆಮನೆಯಿಂದ ಇಣುಕಿ ನೋಡಿದಳು. ಆ ನೋಟಕ್ಕೆ ಅರ್ಥವಿತ್ತು. ನಾನು ಗಮನಿಸಲಿಲ್ಲ.

ಗಾಡಿಯ ಹಿಂದೆ ಸಿಕ್ಕಿಸಿ ಎಳೆಯುವ ಒಂದು ಟ್ರೇಲರನ್ನು ಬಾಡಿಗೆಗೆ ಗೊತ್ತುಮಾಡಿದೆ. ಅದರ ಚಕ್ರಗಳಿಗೇ ವಿದ್ಯುತ್ತಿನ ಬ್ರೇಕು ಇತ್ತು. ಆದರೆ ಅದಕ್ಕೆ ಸ್ವಂತ ಬುದ್ಧಿ ಇಲ್ಲ. ನಾವು ಮುಂದೆ ಬ್ರೇಕು ಒತ್ತಿದಾಗ "ನೀನೂ ನಿಲ್ಲಪ್ಪಾ" ಎಂದು ಹಿಂದಿನ ಟ್ರೇಲರಿಗೆ ಹೇಳಲು ಡ್ರೈವರನ ಹತ್ತಿರ ಒಂದು ಪುಟ್ಟ ಡಬ್ಬಿ ಬೇಕು. ಅದೇ ಬ್ರೇಕ್ ಕಂಟ್ರೋಲರು. ಅದಿಲ್ಲದಿದ್ದರೆ ನಾವು ನಿಂತರೂ ಮಂಟಪ ನಿಲ್ಲುವುದಿಲ್ಲ, ನಮ್ಮನ್ನು ನೂಕಿಕೊಂಡು ತಾನೇ ಮದುವೆಗೆ ಹೋಗುತ್ತದೆ!

ಅಂಗಡಿಯಲ್ಲಿ ಎರಡು ಥರದ ಡಬ್ಬಿಗಳಿದ್ದವು. ಒಂದು ಸಾದಾ: ಬ್ರೇಕು ಒತ್ತಿದೊಡನೆ ಯಾವಾಗಲೂ ಒಂದೇ ಸಮನೆ ಹಿಡಿಯುವಂಥದ್ದು. ಇನ್ನೊಂದು ಜಾಣ: ಒಳಗೆ ಒಂದು ಪುಟ್ಟ ಲೋಲಕ. ಗಾಡಿ ಎಷ್ಟು ಜೋರಾಗಿ ನಿಲ್ಲುತ್ತದೋ ಲೋಲಕ ಅಷ್ಟು ಮುಂದಕ್ಕೆ ತೂಗಿ, ಟ್ರೇಲರನ್ನೂ ಅಷ್ಟೇ ಜೋರಾಗಿ ಹಿಡಿಯುತ್ತದೆ. ಎಷ್ಟು ಹಿಡಿಯಿತೆಂದು ಕೆಂಪು ಅಂಕಿಯಲ್ಲಿ ತೋರಿಸುತ್ತದೆ ಕೂಡ. ಇಂಜಿನಿಯರಾದವನು ಸಾದಾ ಡಬ್ಬಿ ತರುವುದುಂಟೇ? ಜಾಣನನ್ನೇ ತಂದೆ. ಜೊತೆಗೆ ಬಂದ ಪುಸ್ತಿಕೆಯನ್ನು ಓದಲಿಲ್ಲ. ನಾವು ಸಾಫ್ಟ್‌ವೇರಿನವರು. ಅಂಥ ಪುಸ್ತಿಕೆಗಳನ್ನು ಬರೆಯುವವರೇ ನಾವು, ಓದುವುದು ಗಿರಾಕಿಗಳ ಕರ್ಮ!

ಶನಿವಾರ ಬೆಳಿಗ್ಗೆ ಸ್ಟೀರಿಂಗಿನ ಕೆಳಗೆ ತಲೆಕೆಳಗಾಗಿ ಮಲಗಿ ಡಬ್ಬಿಯ ನಾಲ್ಕು ತಂತಿ ಜೋಡಿಸಿದೆ. "ಬ್ರೇಕ್ ಒತ್ತು" ಎಂದೆ. ಸುಧಾ ಒತ್ತಿದಳು. ವೈಪರು ಓಡಿತು. ತಂತಿ ಬದಲಿಸಿದೆ. "ಈಗ ಒತ್ತು." ಹಾರ್ನು ಹೊಡೆದುಕೊಂಡಿತು. ನಿಲ್ಲಲೇ ಇಲ್ಲ! ಎದುರುಮನೆಯ ನಾಯಿ ದನಿಗೂಡಿಸಿತು.

"ರೀ, ಇದು ಪೂಜೆ ಮಾಡಿಸಿದ ಗಾಡಿ. ಸ್ವಲ್ಪ ಮರ್ಯಾದೆಯಿಂದ ಮುಟ್ಟಿ" ಎಂದಳು ಸುಧಾ.

ಕೊನೆಗೂ ಡಬ್ಬಿಯಲ್ಲಿ ಕೆಂಪು ಸೊನ್ನೆ ಮೂಡಿತು. ಈಗ ಅದನ್ನು ಕೂರಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ಹೇಳಿಮಾಡಿಸಿದಂಥ ಸಪಾಟು ಜಾಗ ಒಂದೇ ಒಂದು. ಅಲ್ಲಿ ನಮ್ಮತ್ತೆಯವರು ಅಂಟಿಸಿಹೋದ ಗಣಪತಿ ಕೂತಿದ್ದ.

"ಗಣಪನ್ನ ಒಂಚೂರು ಪಕ್ಕಕ್ಕೆ..." ಎಂದು ಶುರುಮಾಡಿದೆ.

"ಮುಟ್ಟಿ ನೋಡಿ" ಎಂದಳು ಸುಧಾ. ಅಷ್ಟೇ ಅಂದದ್ದು!

ಸ್ಟೀರಿಂಗಿನ ಕೆಳಗೆ ಕೂರಿಸೋಣವೆಂದರೆ ನನ್ನ ಹೊಟ್ಟೆ ಅಡ್ಡ ಬರುತ್ತಿತ್ತು. ಹೊಟ್ಟೆಯನ್ನು ಸರಿಸುವಂತಿಲ್ಲ, ದೇವರನ್ನು ಸರಿಸುವಂತಿಲ್ಲ. ಹಾಗಾಗಿ ಎರಡು ಸೀಟಿನ ನಡುವಿನ ಪೆಟ್ಟಿಗೆಯ ಪಕ್ಕಕ್ಕೆ, ಸುಧಾಳ ಸೀಟಿನತ್ತ ಮುಖ ಮಾಡಿಸಿ, ಡಬ್ಬಿಯನ್ನು ಅಡ್ಡಲಾಗಿ ಸ್ಕ್ರೂ ಹಾಕಿ ಬಿಗಿದೆ. ಡಬ್ಬಿಯ ಮುಖ ಯಾವ ಕಡೆಗಿದ್ದರೇನು? ಕೆಲಸ ಮಾಡುವುದು ಒಳಗಿನ ತಲೆಯಲ್ಲವೇ? ಟ್ರೇಲರ್ ಸಿಕ್ಕಿಸಿ ನಾಲ್ಕು ಮಾರು ಓಡಿಸಿ, ಲೋಲಕವನ್ನು ಕೇಳದೆಯೇ ಬ್ರೇಕು ಹಿಡಿಸುವ ಡಬ್ಬಿಯ ಮೇಲಿನ ಗುಂಡಿಯನ್ನು ಕೈಯಿಂದ ಒತ್ತಿ ಪರೀಕ್ಷಿಸಿದೆ. ಚಕ್ರಗಳು ಗಕ್ಕನೆ ನಿಂತವು. ನಾನು ಸುಧಾಳ ಕಡೆ ನೋಡಿ ಹುಬ್ಬು ಹಾರಿಸಿದೆ.

ಮದುವೆಯ ದಿನ ಜರಿಪಂಚೆ, ರೇಷ್ಮೆ ಜುಬ್ಬ ತೊಟ್ಟು, ಗಾಡಿಯ ಮಿಕ್ಕ ಆರು ಸೀಟಿನ ತುಂಬ ಮದುವೆಯ ಪಾತ್ರೆಗಳನ್ನು ಹೇರಿ, ಮಂಟಪವನ್ನೂ ಬಾಳೆಗಿಡಗಳನ್ನೂ ಟ್ರೇಲರಿಗೆ ಕಟ್ಟಿ ಹೊರಟೆವು. ಫ್ರೀವೇ ಹೆದ್ದಾರಿ ಸೇರಿದ ಮೇಲೆ ಮುಂದಿನ ಕಾರು ನಿಧಾನವಾಯಿತು. ಬ್ರೇಕು ಒತ್ತಿದೆ. ಹಿಂದಿನಿಂದ ಯಾರೋ ಬೆನ್ನಿಗೆ ಕೈಹಚ್ಚಿ ನೂಕಿದ ಹಾಗಾಯಿತು.

"ಡಬ್ಬಿಯಲ್ಲಿ ಎಷ್ಟು ತೋರಿಸ್ತಿದೆ?" ಎಂದೆ. ಅಂಕಿ ಕಾಣುವುದು ಸುಧಾಳಿಗೆ ಮಾತ್ರ.

"ಸೊನ್ನೆ."

"ಈಗ?"

"ಸೊನ್ನೆ ರೀ."

"ಇನ್ನೂ ಜೋರಾಗಿ ಒತ್ತಿದೀನಿ, ಈಗ?"

"ಗುಂಡಗೆ, ಕೆಂಪಗೆ, ಚೆನ್ನಾಗಿರೋ ಸೊನ್ನೆ."

ಇಂಜಿನಿಯರನ ತಲೆ ಓಡಿತು. ಡಬ್ಬಿಯಲ್ಲಿ ಬ್ರೇಕಿನ ಜೋರನ್ನು ಹೆಚ್ಚಿಸುವ ಒಂದು ತಿರುಪು ಇದೆ. "ಅದನ್ನ ಒಂಚೂರು ತಿರುಗಿಸು." ತಿರುಗಿಸಿದಳು. ಸೊನ್ನೆ. "ಇನ್ನೊಂಚೂರು." ಸೊನ್ನೆ. "ಪೂರ್ತಿ ತಿರುಗಿಸಿಬಿಡು!" ಪೂರ್ತಿ ತಿರುಗಿಸಿದಳು. ಸೊನ್ನೆ ಕದಲಲಿಲ್ಲ. ಕೈಯಿಂದ ಒತ್ತುವ ಗುಂಡಿ ಆ ಗಾಬರಿಯಲ್ಲಿ ಇಬ್ಬರಿಗೂ ನೆನಪಾಗಲಿಲ್ಲ. ಮುಂದಿನ ಕಾರಿನಿಂದ ಒಂದು ಫುಟ್ಬಾಲ್ ಮೈದಾನದಷ್ಟು ದೂರ ಬಿಟ್ಟು, ಮಂಟಪದಿಂದ ನೂಕಿಸಿಕೊಳ್ಳುತ್ತ, ಕಂಡ ದೇವರಿಗೆಲ್ಲ ಹರಕೆ ಹೊರುತ್ತ ಬರ್ಕ್ಲಿಯವರೆಗೆ ಬಂದೆ.

ಬರ್ಕ್ಲಿಯಲ್ಲಿ ಫ್ರೀವೇ ಬಿಟ್ಟಿಳಿಯುವ ದಾರಿ ಬಲಕ್ಕೆ ಗುಂಡಗೆ ತಿರುಗುತ್ತಿತ್ತು. ತಿರುಗುತ್ತಲೇ ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಟ್ಟೆ.

"ಒಂಬತ್ತು!" ಎಂದು ಕಿರುಚಿದಳು ಸುಧಾ. "ರೀ, ಒಂಬತ್ತು! ಒಂಬತ್ತೂವರೆ!"

ಟ್ರೇಲರಿನ ಚಕ್ರಗಳೆಲ್ಲ ಒಟ್ಟಿಗೆ ಕಚ್ಚಿಕೊಂಡವು. ಕೀಚ್ ಎಂದು ಕೂಗುತ್ತ, ಹೋಮಕುಂಡದಂತೆ ಹೊಗೆಯೆಬ್ಬಿಸುತ್ತ ರಸ್ತೆಗೆ ಉಜ್ಜಿಕೊಂಡು ಬಂದವು. ಎಡಗಡೆಯ ಟೈರು ಢಮ್ಮೆಂದಿತು. ಮದುವೆಯ ಮೊದಲ ಪಟಾಕಿ! ಹೇಗೋ ಬೆಟ್ಟದ ಬುಡದ ಒಂದು ಪಾರ್ಕಿಂಗ್ ಜಾಗಕ್ಕೆ ತೆವಳಿಸಿ ತಂದು ನಿಲ್ಲಿಸಿದೆ.

ಅದುರಾಟಕ್ಕೆ ಡಬ್ಬಿಯ ಸ್ಕ್ರೂ ಕಿತ್ತುಬಂದು, ಅದು ತಂತಿಯಲ್ಲಿ ನೇತಾಡುತ್ತಿತ್ತು. ಸುಧಾ ಅದನ್ನು ಕೈಯಲ್ಲಿ ಹಿಡಿದು, "ಬ್ರೇಕ್ ಒತ್ತಿ" ಎಂದಳು. ಒತ್ತಿದೆ. ಡಬ್ಬಿಯನ್ನು ಮುಂದಕ್ಕೆ ವಾಲಿಸಿದಳು. ನಾಲ್ಕು, ಏಳು, ಒಂಬತ್ತು! ಪಕ್ಕಕ್ಕೆ ವಾಲಿಸಿದಳು. ಸೊನ್ನೆ.

"ಇದರ ಲೋಲಕ ಒಂದೇ ದಿಕ್ಕಿಗೆ ತೂಗೋದು ರೀ. ನೀವು ಅಡ್ಡ ಕೂರಿಸಿದೀರ. ನೆಟ್ಟಗೆ ಹೋಗ್ತಾ ನಿಂತರೆ ಇದಕ್ಕೆ ಗೊತ್ತೇ ಆಗಲ್ಲ. ಬಲಕ್ಕೆ ತಿರುಗಿದರೆ ಮಾತ್ರ ಪ್ರಳಯ ಆಯ್ತು ಅಂದ್ಕೊಳತ್ತೆ." ಸುಧಾ ಓದಿದ್ದು ಕನ್ನಡ ಎಂ.ಎ.!

ಅಷ್ಟರಲ್ಲಿ ದೇಸಾಯಿಯವರ ಫೋನು. "ಎಲ್ಲಿದ್ದೀರ್ರೀ ಮೂರ್ತಿಯವರ? ಮುಹೂರ್ತಕ್ಕ ಒಂದು ತಾಸೂ ಉಳದಿಲ್ಲ. ಅವ್ವ ಕಂಬ ಎಲ್ಲಿ, ಕಂಬ ಎಲ್ಲಿ ಅಂತ ಕೂತಾಳ. ಅಕ್ಷತಾ ಕೈಯಾಗ ಹಿಡೀಲಿಕ್ಕೇ ಒಲ್ಲಳು!"

"ಬೆಟ್ಟದ ಬುಡಕ್ಕೆ ಬಂದಿದೀವಿ ದೇಸಾಯರೇ. ಕಂಬ ಹೊರಟಿದೆ ಅಂತ ಹೇಳಿ" ಎಂದು ಫೋನಿಟ್ಟೆ. ಹೊರಡಿಸುವುದು ಹೇಗೆ? ನಮ್ಮ ಗಾಡಿಯಲ್ಲಿ ಪಾತ್ರೆಗಳ ನಡುವೆ ಸೂಜಿಗೂ ಜಾಗವಿಲ್ಲ. ಮದುವೆಗೆ ಬರುವ ಕಾರುಗಳೆಲ್ಲ ಇದೇ ರಸ್ತೆಯಲ್ಲಿ ಹತ್ತಬೇಕು. ನಾನು ಪಂಚೆ ಎತ್ತಿಕಟ್ಟಿ ರಸ್ತೆಬದಿಯಲ್ಲಿ ನಿಂತು ಕೈ ಬೀಸತೊಡಗಿದೆ. ರೇಷ್ಮೆ ಸೀರೆ ಕಂಡ ಕಾರನ್ನೆಲ್ಲ ನಿಲ್ಲಿಸಿದೆ. ಒಂದು ಕಂಬವನ್ನು ಒಬ್ಬರ ಕಾರಿಗೆ ಹೇರಿದೆವು. ಕಿಟಕಿಯಿಂದ ಮೊಳದುದ್ದ ಹೊರಗೆ ಚಾಚಿತು. ಇನ್ನೆರಡು ಒಂದು ವ್ಯಾನಿಗೆ. ದೀಪಗಳು ಒಬ್ಬ ಹೆಂಗಸಿನ ತೊಡೆಯ ಮೇಲೆ. ಮಣೆ, ಬಟ್ಟೆ, ಬಾಳೆಗಿಡ ಇನ್ನೊಂದು ಕಾರಿಗೆ. ಹಲಗೆಯ ಜಗಲಿ ಟ್ರೇಲರಿನಲ್ಲೇ ಉಳಿಯಲಿ, ಜಮಖಾನ ಹಾಸಿದರಾಯಿತು. ಉಳಿದದ್ದು ಒಂದೇ ಕಂಬ. ಒಂದು ಕೆಂಪು ಕಾರು ಬಂತು. ಒಳಗೆ ನಮ್ಮ ಕಡೆಯ ಮುಖದ ವಯಸ್ಸಾದ ದಂಪತಿ.

"ಸಾರ್, ಟೈಮಿಲ್ಲ, ಇದೊಂದು ಕಂಬ ತಗೊಂಡು ಬೇಗ ಮೇಲಕ್ಕೆ ಹೋಗಿ!" ಎನ್ನುತ್ತ ಹಿಂದಿನ ಬಾಗಿಲು ತೆರೆದು ತುರುಕಿಯೇಬಿಟ್ಟೆ. ಆ ಹಿರಿಯರು ಒಮ್ಮೆ ನನ್ನನ್ನು, ಒಮ್ಮೆ ಕಂಬವನ್ನು ನೋಡಿ, "ಅಚ್ಛಾ, ಅಚ್ಛಾ" ಎಂದು ಹೊರಟರು. ಎಷ್ಟು ಸಜ್ಜನರು!

ನಾವೂ ಟ್ರೇಲರನ್ನು ಬಿಟ್ಟು ಮೇಲೆ ತಲುಪಿದಾಗ ಮೂರು ಕಂಬ ಎದ್ದು ನಿಂತಿದ್ದವು. ಬಾಳೆಗಿಡ ಕಟ್ಟಿಯಾಗಿತ್ತು. ನಾಲ್ಕನೆಯ ಮೂಲೆಯಲ್ಲಿ ಜರಿಬಟ್ಟೆ ನೆಲಕ್ಕೆ ಜೋತುಬಿದ್ದಿತ್ತು.

"ನಾಕನೇದ್ದು ಎಲ್ಲೆದರೀ?" ಎಂದರು ದೇಸಾಯಿಯವರು.

"ಕೆಂಪು ಕಾರಿನವರು ತಂದರಲ್ಲ? ಗಂಡಿನ ಕಡೆ ಹಿರಿಯರು?"

ಕೆಂಪು ಕಾರಿನ ಹಿರಿಯರು ಗಂಡಿನ ಕಡೆಯಲ್ಲಿರಲಿಲ್ಲ. ಹೆಣ್ಣಿನ ಕಡೆಯಲ್ಲೂ ಇರಲಿಲ್ಲ. ಭಾನುವಾರ ಬೆಟ್ಟದ ಗಾಳಿ ತಿನ್ನಲು ಹೊರಟಿದ್ದ ಯಾವುದೋ ಪುಣ್ಯಾತ್ಮರಿಗೆ ನಾನು ತೇಗದ ಕಂಬವನ್ನು ದಾನ ಮಾಡಿಬಿಟ್ಟಿದ್ದೆ!

ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೈಕಟ್ಟಿಕೊಂಡಿದ್ದರು. ಪುರೋಹಿತರಾದ ಆಚಾರ್ಯರು ಗಡಿಯಾರ ನೋಡಿದರು. ಮೇಘಾ ಹೂವಿನ ಮಾಲೆ ಹಿಡಿದು ಬಂದು ನಿಂತಿದ್ದಳು. ಅವಳ ಕಣ್ಣಂಚಿನಲ್ಲಿ ನೀರು ಕಂಡಿತು ನನಗೆ. ಅದನ್ನು ನೋಡಿ ನನ್ನ ಕಾಲು ತಾನಾಗಿಯೇ ನಡೆಯಿತು. ಹೋಗಿ ನಾಲ್ಕನೆಯ ಮೂಲೆಯಲ್ಲಿ ನಿಂತು, ಜೋತುಬಿದ್ದಿದ್ದ ಬಟ್ಟೆಯ ತುದಿಯನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದೆ.

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಎದ್ದು, ಕೋಲೂರುತ್ತ ಬಂದು, ನನ್ನನ್ನು ಕೆಳಗಿನಿಂದ ಮೇಲಿನವರೆಗೆ ಪರೀಕ್ಷಿಸಿದರು.

"ಕಂಬ ಗಟ್ಟಿ ಅದ," ಎಂದರು. "ನಡಕ್ಕ ಸ್ವಲ್ಪ ಉಬ್ಬೇದ. ಇರ್ಲಿ, ನಡೀತದ." ಆಮೇಲೆ ಗಂಭೀರವಾಗಿ ನನ್ನ ಹಣೆಗೆ ಅರಿಶಿನ ಕುಂಕುಮ ಹಚ್ಚಿದರು. "ಇದಕ್ಕೂ ಬಾಳೀಗಿಡ ಕಟ್ರಿ!"

ಕಟ್ಟಿದವಳು ಸುಧಾ. ಸೊಂಟಕ್ಕೆ ಎರಡು ಸುತ್ತು, ಬಿಗಿಯಾಗಿ. ಬೇಕಂತಲೇ ಬಿಗಿಯಾಗಿ!

ಓಲಗದ ಕ್ಯಾಸೆಟ್ಟು ಮೊಳಗಿತು, ತಾಳಿ ಬಿತ್ತು. ಅಜ್ಜಿ ಎರಡೂ ಕೈತುಂಬ ಅಕ್ಷತೆ ಹಾಕಿದರು. ಅರ್ಧ ವಧೂವರರಿಗೆ, ಅರ್ಧ ನನ್ನ ಕಣ್ಣಿಗೆ. ಆಗಲೇ ತೋಟದ ಬಾಗಿಲಲ್ಲಿ ಕೆಂಪು ಕಾರಿನ ದಂಪತಿ ಪ್ರತ್ಯಕ್ಷರಾದರು. ಬೆಟ್ಟದ ತೋಟಗಳನ್ನೆಲ್ಲ ಹುಡುಕಿ, ಕಂಬವನ್ನು ಇಬ್ಬರೂ ಹೊತ್ತು ತಂದಿದ್ದರು, ಪಾಪ! ನಾನು ಆಸೆಯಿಂದ ಆಚಾರ್ಯರ ಕಡೆ ನೋಡಿದೆ.

"ಶಾಸ್ತ್ರ ಮುಗಿಯೋವರೆಗೂ ಕಂಬ ಬದಲಾಯಿಸೋ ಹಾಗಿಲ್ಲ" ಎಂದು ಅವರು ಮಂತ್ರದ ನಡುವೆಯೇ ಹೇಳಿದರು. ತೇಗದ ಕಂಬವನ್ನು ಒಂದು ಮರಕ್ಕೆ ಒರಗಿಸಿದರು. ಅದು ನೆರಳಿನಲ್ಲಿ ಆರಾಮವಾಗಿ ನಿಂತು ಮದುವೆ ನೋಡಿತು. ದಂಪತಿಯನ್ನು ದೇಸಾಯಿಯವರು ಕೈಹಿಡಿದು ಕರೆದೊಯ್ದು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿದರು. ನನಗೆ ಹೋಳಿಗೆಯ ವಾಸನೆ ಮಾತ್ರ ಬರುತ್ತಿತ್ತು.

ಮೇಘಾಳ ಮದುವೆಯ ಆಲ್ಬಮ್ಮಿನ ಪ್ರತಿಯೊಂದು ಚಿತ್ರದಲ್ಲೂ ನಾನಿದ್ದೇನೆ. ಹಣೆತುಂಬ ಕುಂಕುಮ, ಸೊಂಟಕ್ಕೆ ಬಾಳೆಗಿಡ, ಎರಡೂ ಕೈ ಮೇಲೆ. ಅಂದು ನಾನು ಜವಾಬ್ದಾರಿ ಹೊತ್ತ ವಸ್ತುಗಳಲ್ಲಿ, ನಿಲ್ಲು ಎಂದಾಗ ಸರಿಯಾಗಿ ನಿಂತದ್ದು ನಾನೊಬ್ಬನೇ!