ಸೋಮವಾರದ ಕಾಯಿ, ಶುಕ್ರವಾರದ ಕೊಬ್ಬರಿ

ಕಾದಂಬರಿ ಓದಿದರೆ ಕೆಲವರಿಗೆ ನಿದ್ದೆ ಬರುತ್ತದೆ, ಕೆಲವರಿಗೆ ಕಣ್ಣೀರು ಬರುತ್ತದೆ. ನನಗೆ ಸಿಟ್ಟು ಬರುತ್ತದೆ. ಹಾಗಿದ್ದರೆ ಯಾಕೆ ಓದುತ್ತೀರಿ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸಾವಿತ್ರಿಯೂ ಮದುವೆಯಾದಾಗಿನಿಂದ ಅದನ್ನೇ ಕೇಳುತ್ತಿದ್ದಾಳೆ. ಖಾರ ಅಂತ ಗೊತ್ತಿದ್ದೂ ಮೆಣಸಿನಕಾಯಿ ಬೋಂಡ ತಿನ್ನುವುದಿಲ್ಲವೇ, ಹಾಗೆ. ತುರುವೇಕೆರೆಯಲ್ಲಿ ಹೈಸ್ಕೂಲು ಮೇಷ್ಟರಾಗಿದ್ದ ಆ ಕಾಲದಲ್ಲಿ, ಶನಿವಾರ ಮಧ್ಯಾಹ್ನ ತಿಪಟೂರಿಗೆ ಹೋಗಿ, ಬಾಡಿಗೆ ಪುಸ್ತಕದ ಅಂಗಡಿಯಿಂದ ಎರಡು ಕಾದಂಬರಿ ತಂದು, ಮುಂದಿನ ಶನಿವಾರದವರೆಗೂ ಬೈಯುತ್ತಾ ಓದುವುದು ನನ್ನ ವ್ರತವಾಗಿತ್ತು.

ಬೈಯದೆ ಇನ್ನೇನು ಮಾಡಲಿ ಹೇಳಿ. ಒಂದು ಕಾದಂಬರಿಯಲ್ಲಿ ನಾಯಕಿ ಮೂವತ್ತನೇ ಪುಟದಲ್ಲಿ ಕೆಮ್ಮಲು ಶುರು ಮಾಡಿದಳು. ಇನ್ನೂರನೇ ಪುಟದಲ್ಲಿ ಸಾಯುವವರೆಗೂ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರಾದರೂ ಒಂದು ಲೋಟ ಮೆಣಸಿನ ಕಷಾಯ ಕಾಯಿಸಿ ಕೊಡಲಿಲ್ಲ. ಎಲ್ಲರೂ ಕಿಟಕಿ ಪಕ್ಕ ನಿಂತು ಕೊರಗಿದ್ದೇ ಕೊರಗಿದ್ದು. ಇನ್ನೊಂದರಲ್ಲಿ ನಾಯಕ ಕಾಫಿ ಲೋಟ ಕೈಗೆತ್ತಿಕೊಂಡು ಬದುಕಿನ ಅರ್ಥದ ಬಗ್ಗೆ ಮೂರು ಪುಟ ಯೋಚಿಸಿ, ನಾಲ್ಕನೇ ಪುಟದಲ್ಲಿ ‘ಬಿಸಿಬಿಸಿ ಕಾಫಿ’ ಹೀರಿದ. ಅದು ಯಾವ ಮನೆಯ ಕಾಫಿ ಸ್ವಾಮಿ? ಮತ್ತೊಂದರಲ್ಲಿ ಪ್ರೇಮಿಗಳಿಬ್ಬರು ತುಂಬು ಫಸಲಿನ ತೆಂಗಿನಮರದ ಬುಡಕ್ಕೇ ಒರಗಿ ಗಂಟೆಗಟ್ಟಲೆ ಮಾತಾಡಿದರು. ನಮ್ಮ ಕಡೆ ಎಮ್ಮೆ ಕಟ್ಟುವವರೂ ಒಂದು ಸಲ ಮೇಲೆ ನೋಡಿ ಕಟ್ಟುತ್ತಾರೆ.

ಇವನ್ನೆಲ್ಲ ಸಹಿಸಿಕೊಂಡೆ. ಆದರೆ ಒಂದು ಕಾದಂಬರಿಯನ್ನು ಮಾತ್ರ ಸಹಿಸಲಾಗಲಿಲ್ಲ. ಕಥೆ ತೆಂಗಿನ ಸೀಮೆಯದು ಎಂದು ರಟ್ಟಿನ ಮೇಲೇ ಅಚ್ಚು ಹಾಕಿದ್ದರು. ದುಡ್ಡಿಲ್ಲದೆ ತಂಗಿಯ ಮದುವೆ ನಿಂತುಹೋಗುವ ಹೊತ್ತಿಗೆ ನಾಯಕ ಸೋಮವಾರ ಮರ ಹತ್ತಿ ಕಾಯಿ ಕೆಡವುತ್ತಾನೆ. ಶುಕ್ರವಾರ ಗಾಡಿ ತುಂಬ ಕೊಬ್ಬರಿ ಹೇರಿಕೊಂಡು ಪೇಟೆಗೆ ಹೊರಡುತ್ತಾನೆ. ಶುಕ್ರವಾರ! ಕೆಡವಿದ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಕೆಳಗಿನ ಒಲೆಯ ಹೊಗೆ ಕುಡಿಸುತ್ತಾ ಹತ್ತು ಹನ್ನೊಂದು ತಿಂಗಳು ಬಿಡಬೇಕು. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಗುಳುಗುಳು ಅಂದರೆ ನೀರಿದೆ ಅಂತ ಅರ್ಥ, ವಾಪಸ್ ಅಟ್ಟಕ್ಕೆ. ಇದು ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಕೊನೆಯ ಅಧ್ಯಾಯಕ್ಕೂ ಕಾಯದೆ ಕಾದಂಬರಿಕಾರರಿಗೆ ಒಂದು ಕಾರ್ಡು ಗೀಚಿದೆ. ‘ಗೊತ್ತಿಲ್ಲದ ವಿಷಯಕ್ಕೆ ಕೈ ಹಾಕುವುದು ಓದುಗರಿಗೆ ಬಗೆಯುವ ದ್ರೋಹ’ ಎಂದು ಬರೆದು, ಕೆಳಗೆ ‘ಅಟ್ಟದ ಕೆಳಗೇ ಹುಟ್ಟಿ ಬೆಳೆದ ಓದುಗ’ ಎಂದು ಸಹಿ ಹಾಕಿ, ವಿಳಾಸವನ್ನೂ ಕೊಟ್ಟೆ. ಹೆದರಿಕೆ ಏನು?

ಆ ವಾರವೇ ಬಿಳಿಗೆರೆಯಲ್ಲಿ ಸಾವಿತ್ರಿಯ ಅಣ್ಣ ರಂಗಪ್ಪನ ಮಗಳ ಮದುವೆ. ಮದುಮಗಳ ಮಡಿಲು ತುಂಬುವ ಕೊಬ್ಬರಿ ಸೋದರತ್ತೆಯ ಮನೆಯ ಅಟ್ಟದಿಂದ ಬರಬೇಕು, ಕಾಯನ್ನು ಸುಲಿಯದೆ ತಂದು ಗಂಡಿನ ಕಡೆಯವರ ಎದುರಿಗೇ ಒಡೆಯಬೇಕು ಎನ್ನುವುದು ಅವರ ಮನೆತನದ ಪದ್ಧತಿ. ಉಂಡೆ ಬಿರುಕಿಲ್ಲದೆ ಹೊರಗೆ ಬಂದರೆ ಆ ಅತ್ತೆಗೆ ನಾಲ್ಕು ಜನರ ಮುಂದೆ ಗೌರವ. ಸಾವಿತ್ರಿಗೆ ಮೊಣಕಾಲು ನೋವು, ಏಣಿ ಹತ್ತುವಂತಿರಲಿಲ್ಲ.

“ನೋಡ್ರೀ, ಬಲಗಡೇದು ಹೋದ ವರ್ಷದ್ದು, ಎಡಗಡೇದು ಮೊನ್ನೆ ಹಾಕಿದ್ದು. ಒಂದೊಂದ್ನೂ ಅಲ್ಲಾಡ್ಸಿ ಕೇಳಿ. ನನ್ ಮಾನದ ಪ್ರಶ್ನೆ ಕಣ್ರೀ” ಎಂದಳು.

“ನನಗೇ ಹೇಳಿಕೊಡ್ತೀಯಾ?” ಎಂದು ರೇಗಿ ಏಣಿ ಹತ್ತಿದೆ.

ಬಗಲಲ್ಲಿ ಆ ಕಾದಂಬರಿ ಇತ್ತು. ಎಡಗೈಯಲ್ಲಿ ಕೊನೆಯ ಅಧ್ಯಾಯ ಹಿಡಿದು, ಬಲಗೈಯಲ್ಲಿ ಕಾಯಿ ಆರಿಸತೊಡಗಿದೆ. ಅಲ್ಲಿ ನೋಡಿದರೆ ಆ ನಾಯಕ ಶುಕ್ರವಾರದ ಕೊಬ್ಬರಿಯಿಂದಲೇ ತಂಗಿಯ ಮದುವೆ ಮುಗಿಸಿ, ಊರಿನವರಿಂದ ಹಾರ ಹಾಕಿಸಿಕೊಳ್ಳುತ್ತಿದ್ದಾನೆ! ಮೈಯೆಲ್ಲ ಉರಿದುಹೋಯಿತು. ಮಗ್ಗುಲು ಬದಲಿಸಿ ಕೂತು ಮತ್ತೆ ಓದಿದೆ. ಕಾಯಿಗಳನ್ನು ಅಲ್ಲಾಡಿಸಿದ್ದು ಚೆನ್ನಾಗಿ ನೆನಪಿದೆ. ಕೇಳಿಸಿಕೊಂಡದ್ದು ನೆನಪಿಲ್ಲ.

ಬಿಳಿಗೆರೆಯ ಚಪ್ಪರದಲ್ಲಿ ಗಂಡಿನ ಕಡೆಯವರೆಲ್ಲ ಸುತ್ತ ಕೂತಿದ್ದರು. ರಂಗಪ್ಪ ಮೊದಲನೇ ಕಾಯನ್ನು ಸುಲಿದು ಮಚ್ಚಿನ ಹಿಂಬದಿಯಿಂದ ಒಂದೇಟು ಹಾಕಿದ. ನೀರು ಚಿಮ್ಮಿ ಗಂಡಿನ ತಾಯಿಯ ರೇಷ್ಮೆ ಸೀರೆಯ ಮೇಲೆ ಬಿತ್ತು. ಎರಡನೆಯದರಲ್ಲೂ ನೀರು. ಮೂರನೆಯದಕ್ಕೆ ಜನ ಹಿಂದೆ ಸರಿದು ಕೂತರು.

“ಏನ್ ಭಾವ, ಕೊಬ್ಬರಿ ತತ್ತೀನಿ ಅಂದು ಕಾಯಿ ಚಟ್ನಿಗೆ ತಂದೀರಾ?” ಎಂದ ರಂಗಪ್ಪ. ಚಪ್ಪರವೆಲ್ಲ ನಕ್ಕಿತು.

ಗಂಡಿನ ತಾಯಿ ಮಾತ್ರ ನಗಲಿಲ್ಲ. ಸೀರೆ ಒರೆಸಿಕೊಳ್ಳುತ್ತಾ ಸಾವಿತ್ರಿಯ ಕಡೆ ತಿರುಗಿ, “ಮನೇಲಿ ಇಲ್ದಿದ್ರೆ ಅಂಗಡೀದಾದ್ರೂ ತರಬಾರ್ದಿತ್ತೇನಮ್ಮ?” ಎಂದರು. ಸಾವಿತ್ರಿ ತಲೆ ತಗ್ಗಿಸಿದಳು. ಕಾಯಿ ಆರಿಸಿದ್ದು ನಾನೆಂದು ಅವಳು ಹೇಳಬಹುದಿತ್ತು, ಹೇಳಲಿಲ್ಲ. ನಾನಾದರೂ ಹೇಳಬೇಕಿತ್ತು, ನಾನೂ ಹೇಳಲಿಲ್ಲ. ಆ ನಾಚಿಕೆ ಈಗಲೂ ಹೋಗಿಲ್ಲ. ಕೊನೆಗೆ ಪಕ್ಕದ ಮನೆಯ ಅಟ್ಟದಿಂದ ಕೊಬ್ಬರಿ ತಂದು ಮಡಿಲು ತುಂಬಿದರು.

ಊರಿಗೆ ಬಂದ ಮೇಲೆ ಸಾವಿತ್ರಿ ನನ್ನೊಡನೆ ಊಟದ ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಹೀಗಿರುವಾಗ ಕಾದಂಬರಿಕಾರರ ಉತ್ತರ ಬಂತು. ‘ತಪ್ಪಾಯಿತು. ತಾವು ಬಲ್ಲವರು. ಮುಂದಿನ ಮುದ್ರಣದಲ್ಲಿ ಖಂಡಿತ ತಿದ್ದುತ್ತೇನೆ’ ಎಂದು ವಿನಯದಿಂದ ಬರೆದಿದ್ದರು. ಬೇರೆ ದಿನವಾಗಿದ್ದರೆ ಸ್ಟಾಫ್ ರೂಮಿನಲ್ಲಿ ಓದಿ ಮೆರೆಯುತ್ತಿದ್ದೆ. ಅಂದು ಸದ್ದಿಲ್ಲದೆ ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ಸಾವಿತ್ರಿ ಕೈ ಚಾಚಿದಳು. ನಿಧಾನವಾಗಿ ಓದಿದಳು.

“ಪಾಪ, ಒಳ್ಳೇ ಮನುಷ್ಯ. ತಿದ್ದಬೇಡಿ ಅಂತ ಬರೀರಿ” ಎಂದಳು.

“ಯಾಕೆ?”

“ಅವ್ರೇನು ಸುಳ್ಳು ಬರ್ದಿಲ್ವಲ್ಲ. ಮೊನ್ನೆ ಕೆಡವಿದ ಕಾಯ್ನ ಕೊಬ್ಬರಿ ಅಂತ ಮದುವೆಗೆ ಹೊತ್ಕೊಂಡು ಹೋಗೋರು ನಮ್ಮನೇಲೇ ಅವ್ರೆ.”

ಅವಳ ಎದುರಿಗೇ ಕೂತು, ತಿದ್ದಬೇಡಿ ಎಂದೇ ಬರೆದೆ. ಸಹಿ ಹಾಕುವಾಗ ಮಾತ್ರ ಅಟ್ಟದ ಹೆಸರೆತ್ತಲು ಕೈ ಬರಲಿಲ್ಲ. ಬರೀ ‘ಓದುಗ’ ಎಂದು ಬರೆದು ಅಂಚೆಗೆ ಹಾಕಿದೆ.