ಚಂಡಮಾರುತವೂ ನಮ್ಮ ಕಾರಿನ ಮುಳ್ಳೂ

ಚಂಡಮಾರುತ ಬಂದದ್ದು ಎಲ್ಲೋ ದೂರದ ಸಮುದ್ರದಲ್ಲಿ. ನಮ್ಮ ಮನೆಯ ಹಗ್ಗದ ಮೇಲೆ ಒಣಹಾಕಿದ್ದ ಕರವಸ್ತ್ರವೂ ಅಂದು ಅಲುಗಲಿಲ್ಲ, ನಾನೇ ನಿಂತು ನೋಡಿದ್ದೇನೆ. ಆದರೆ ಮರುದಿನ ಪೆಟ್ರೋಲಿನ ಬೆಲೆ ಮಾತ್ರ ಹಾರಿ ಆಕಾಶಕ್ಕೆ ಹೋಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ತಾನೇ? ನನಗೆ ಆಗಲೇ ಅನುಮಾನ ಬಂತು. (ಅನುಮಾನ ನನ್ನ ದುರ್ಗುಣ ಎಂದು ಹೆಂಡತಿ ಹೇಳುತ್ತಾಳೆ. ನಾನು ಲೆಕ್ಕ ತಪಾಸಣೆಯ ಕಚೇರಿಯಲ್ಲಿರುವವನು. ಅನುಮಾನ ಪಡಲೆಂದೇ ನನಗೆ ಸಂಬಳ ಕೊಡುತ್ತಾರೆ.)

"ಬಂದರು ಮುಚ್ಚಿದ್ದಾರಂತೆ ರೀ, ಹಡಗುಗಳೆಲ್ಲ ಸಮುದ್ರದಲ್ಲೇ ನಿಂತಿವೆಯಂತೆ. ಎಣ್ಣೆ ಶುದ್ಧಿ ಮಾಡೋ ಕಾರ್ಖಾನೆಗೆ ನೀರು ನುಗ್ಗಿ ಕರೆಂಟೂ ಇಲ್ಲ. ಟ್ಯಾಂಕರ್ ಬರೋ ರಸ್ತೆ ಬೇರೆ ಕೊಚ್ಚಿಹೋಗಿದೆ," ಎಂದು ಟಿವಿ ಮುಂದಿದ್ದ ಹೆಂಡತಿ ವರದಿ ಒಪ್ಪಿಸಿದಳು.

"ಬಂಕಿನವನು ಮೊನ್ನೆ ನೆಲದಡಿ ತುಂಬಿಟ್ಟ ಪೆಟ್ರೋಲಿಗೂ ನೀರು ನುಗ್ತಾ? ಹಳೇ ಸರಕಿಗೆ ಹೊಸ ಬೆಲೆ ಯಾಕೆ?"

"ಅವನನ್ನೇ ಹೋಗಿ ಕೇಳಿ. ಅಮ್ಮನ ಆಪರೇಷನ್ ದಿನ ಕಾರಲ್ಲಿ ಪೆಟ್ರೋಲ್ ಇರ್ಬೇಕು. ನನಗೆ ಗೊತ್ತಿರೋದು ಅಷ್ಟೇ."

ವಿಷಯ ಇರುವುದೇ ಅಲ್ಲಿ. ನಮ್ಮ ಜೊತೆಗಿರುವ ಅತ್ತೆಯವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲು ಯಾವುದು, ಗೋಡೆ ಯಾವುದು ಎಂದು ಕೈಯಲ್ಲಿ ತಡವಿಯೇ ನಡೆಯುತ್ತಿದ್ದರು. ತಿಂಗಳುಗಟ್ಟಲೆ ಕಾದ ಮೇಲೆ ಊರಾಚೆಯ ಕಣ್ಣಿನ ಆಸ್ಪತ್ರೆಯವರು ಒಂದು ತಾರೀಖು ಕೊಟ್ಟಿದ್ದರು. ಅದು ತಪ್ಪಿದರೆ ಮತ್ತೆ ಸಾಲಿನ ಬಾಲಕ್ಕೆ. ಅಲ್ಲಿಗೆ ಹೋಗುವ ಬಸ್ಸುಗಳೂ ಡೀಸೆಲ್ ಇಲ್ಲದೆ ನಿಂತಿದ್ದವು. "ಕಾರಿನ ಜವಾಬ್ದಾರಿ ನನ್ನದು ಅತ್ತೆ, ನಿಶ್ಚಿಂತೆಯಿಂದಿರಿ," ಎಂದು ನಾನು ಎದೆ ತಟ್ಟಿಕೊಂಡು ಹೇಳಿಬಿಟ್ಟೆ.

ಬಂಕಿನ ಸಾಲಿನಲ್ಲಿ ಅರ್ಧ ದಿನ ನಿಂತು ಟ್ಯಾಂಕ್ ತುಂಬಿಸಿದೆ. "ಬಿರುಗಾಳಿ ಅರ್ಧ ಖಾಲಿ ಮಾಡ್ತು ಸಾರ್, ಉಳಿದರ್ಧ ನಿಮ್ಮಂಥೋರು ಹೆದರ್ಕೊಂಡು ಖಾಲಿ ಮಾಡ್ತಿದ್ದೀರಿ," ಎಂದು ಪೆಟ್ರೋಲ್ ಹಾಕುವವನು ಗೊಣಗಿದ. ಸಂಜೆಯ ಹೊತ್ತಿಗೆ ಅಲ್ಲಿ 'ಸ್ಟಾಕ್ ಇಲ್ಲ' ಎಂಬ ಹಲಗೆ ತೂಗುತ್ತಿತ್ತು. ನಾನು ಮನೆಯಲ್ಲಿ ರಾಜಾಜ್ಞೆ ಹೊರಡಿಸಿದೆ: ಆಪರೇಷನ್ ತನಕ ಕಾರು ಗೇಟು ದಾಟಕೂಡದು, ಎಲ್ಲರಿಗೂ ಪಾದಯಾತ್ರೆಯೇ ಗತಿ.

ಆದರೆ ಕಾರು ಗೇಟು ದಾಟದಿದ್ದರೂ ಪೆಟ್ರೋಲ್ ದಾಟಬಹುದಲ್ಲ? ನಮ್ಮದು ಹಳೆಯ ಕಾರು, ಟ್ಯಾಂಕಿನ ಮುಚ್ಚಳಕ್ಕೆ ಬೀಗವಿಲ್ಲ. ಹಾಲಿನವನು ಕಾರಿನ ಕಡೆ ಎರಡು ಸಲ ನೋಡಿದ್ದ. ಮಹಡಿಯ ಬಾಡಿಗೆಯವನು ಒಂದು ಸಲವೂ ನೋಡಲಿಲ್ಲ, ಅದು ಇನ್ನೂ ಅನುಮಾನಾಸ್ಪದ. ಇವರೆಲ್ಲರ ಮೇಲೆ ನಮ್ಮ ಭಾವಮೈದುನ. ಬಣ್ಣದ ಮೀನು ಮಾರುವ ಅಂಗಡಿ ಇಟ್ಟುಕೊಂಡು ನಮ್ಮ ಮುಂದಿನ ಕೋಣೆಯಲ್ಲೇ ಇರುವ ಮಹಾನುಭಾವ. ಬೀದಿಯ ಗಾಡಿಗಳೆಲ್ಲ ಮೂಲೆ ಸೇರಿದ್ದರೂ ಇವನ ಬೈಕು ಮಾತ್ರ ದಿನವೂ ಬೆಳಿಗ್ಗೆ ಬುಡುಬುಡು ಎಂದು ಹೊರಡುತ್ತಿತ್ತು. ಒಂದು ದಿನ ಬಗ್ಗಿ ನೋಡಿದರೆ ಅವನ ಮಂಚದಡಿಯಲ್ಲಿ ಸುರುಳಿ ಸುತ್ತಿದ ರಬ್ಬರ್ ಪೈಪು!

"ಇದೇನಪ್ಪಾ ಇದು?"

"ಮೀನಿನ ತೊಟ್ಟಿ ನೀರು ತೆಗೆಯೋಕೆ ಭಾವ. ಒಂದು ತುದಿ ತೊಟ್ಟೀಲಿಟ್ಟು ಇನ್ನೊಂದು ತುದೀನ ಬಾಯಲ್ಲಿ ಎಳೆದುಬಿಟ್ರೆ ಆಯ್ತು, ತಾನೇ ಇಳಿಯುತ್ತೆ."

"ನೀರು ಮಾತ್ರಾನಾ ಇಳಿಯೋದು?"

ಅವನು ತಲೆ ಕೆರೆದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಇವನು ತಲೆ ಮುಟ್ಟಿಕೊಂಡ, ವ್ಯತ್ಯಾಸ ಒಂದು ಗೇಣು ಅಷ್ಟೇ. ಅವನು ಆಚೆ ಹೋದ ಮೇಲೆ ಪೈಪನ್ನು ಮೂಸಿ ನೋಡಿದೆ. ಬರೀ ಮೀನಿನ ವಾಸನೆ. ಸಾಕ್ಷ್ಯವನ್ನು ತೊಳೆದಿದ್ದಾನೆ ಎಂದುಕೊಂಡೆ.

ಅಂದಿನಿಂದ ದಿನವೂ ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ನನ್ನ ತಪಾಸಣೆ ಶುರುವಾಯಿತು. ನಮ್ಮ ಕಾರಿನ ಪೆಟ್ರೋಲ್ ತೋರಿಸುವ ಮುಳ್ಳು ಮಹಾ ಸೋಮಾರಿ. ಎಂಜಿನ್ ಒಂದಷ್ಟು ಹೊತ್ತು ಓಡಿದ ಮೇಲೆಯೇ ಅದು ಮೈಮುರಿದು ಏಳುವುದು. ಎದ್ದ ಮೇಲೂ ನಾನು ನಂಬುತ್ತಿರಲಿಲ್ಲ, ನಿಂತಲ್ಲೇ ನಿಲ್ಲುತ್ತದೋ ಎಂದು ಇನ್ನಷ್ಟು ಹೊತ್ತು ನೋಡುತ್ತಿದ್ದೆ. ಮೊದಮೊದಲು ಮುಳ್ಳು ಮೇಲೆಯೇ ಇತ್ತು. ಆಮೇಲೆ ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ ಕೆಳಗೆ! ನನ್ನ ರಕ್ತ ಕುದಿಯಿತು.

ಭಾನುವಾರ ಖುದ್ದು ಕಾವಲಿಗೇ ಕೂತೆ. ಕಳ್ಳನಿಗೆ ಗೊತ್ತಾಗಬಾರದೆಂದು ಕಾರಿನ ಗಾಜುಗಳನ್ನೆಲ್ಲ ಏರಿಸಿ, ಬೇಯುವ ಸೆಕೆಯಲ್ಲಿ ಪ್ರಾಣ ಹೋಗಬಾರದೆಂದು ಎಸಿ ಹಾಕಿಕೊಂಡು, ಮಧ್ಯಾಹ್ನವಿಡೀ ಒಳಗೇ ಕೂತಿದ್ದೆ. ಏನು ಹೇಳಲಿ, ನನ್ನ ಕಣ್ಣೆದುರೇ ಮುಳ್ಳು ಇಳಿಯಿತು! ಧಡಕ್ಕನೆ ಹೊರಗೆ ಹಾರಿ ಕಾರಿನ ಬುಡ ನೋಡಿದೆ. ಪೈಪಿಲ್ಲ, ಭಾವಮೈದುನನೂ ಇಲ್ಲ. ಎಂಥ ಕೈಚಳಕ!

ಊಟಕ್ಕೆ ಕೂತಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಬೇಲೀನೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ?"

"ಯಾರ್ರೀ ಬೇಲಿ?" ಹೆಂಡತಿ ಸೌಟು ಹಿಡಿದೇ ಕೇಳಿದಳು.

"ಪೈಪ್ ಇಟ್ಕೊಂಡಿರೋರು."

ಭಾವಮೈದುನ ಎದುರಿಗಿದ್ದ ತಟ್ಟೆಯನ್ನು ದೂರ ಸರಿಸಿ ಎದ್ದ. ಅಂದಿನಿಂದ ಅಂಗಡಿಯಲ್ಲೇ ಮಲಗತೊಡಗಿದ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ಅತ್ತೆ ಮಾತ್ರ "ಮನೆ ಮಗ ಮೀನಿನ ಜೊತೆ ಮಲಗೋ ಹಾಗಾಯ್ತಲ್ಲ," ಎಂದು ಗೋಡೆಯ ಕಡೆ ತಿರುಗಿ ಹೇಳಿದರು. ನನಗೂ ಪಾಪ ಎನಿಸಿತು, ಆದರೆ ನ್ಯಾಯ ನ್ಯಾಯವೇ ಎಂದು ಮುಳ್ಳು ನೋಡಲು ಹೊರಟೆ.

ಆಪರೇಷನ್ ದಿನ ಬಂತು. ಅತ್ತೆ ಬೆಳಿಗ್ಗೆಯೇ ಸಿದ್ಧರಾಗಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಹಿಂದಿನ ಸಂಜೆ ಮುಳ್ಳು ತಳದ ಹತ್ತಿರವಿದ್ದರೂ ಆಸ್ಪತ್ರೆಗಷ್ಟು ಸಾಕೆಂದು ನಾನು ಠೀವಿಯಿಂದ ಕೀಲಿ ತಿರುಗಿಸಿದೆ. ಕಾರು ಗುರ್ ಎಂದಿತು, ಕೆಮ್ಮಿತು, ತೆಪ್ಪಗಾಯಿತು. ಮತ್ತೆ ತಿರುಗಿಸಿದರೆ ಕೆಮ್ಮೂ ಇಲ್ಲ.

ಹೆಂಡತಿಯ ಕಣ್ಣಲ್ಲಿ ನೀರು. "ಪರವಾಗಿಲ್ಲ ಬಿಡಿ ಅಳಿಯಂದ್ರೇ, ಕತ್ತಲೆ ನನಗೆ ಅಭ್ಯಾಸ ಆಗಿದೆ," ಎಂದರು ಅತ್ತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಮಾತ್ರ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಬುಡುಬುಡು ಎನ್ನುತ್ತ ಭಾವಮೈದುನ ಬಂದ. ಹೆಗಲ ಮೇಲೆ ಪೈಪು, ಕೈಯಲ್ಲೊಂದು ಡಬ್ಬ. "ಅಮ್ಮ ಹೊರಟ್ಲಾ ಅಂತ ನೋಡೋಕೆ ಬಂದೆ. ಕಾರು ಕೈಕೊಟ್ರೆ ಇರಲಿ ಅಂತ ದಿನಾ ಸ್ಟಾಕ್ ಇರೋ ಬಂಕ್ ಹುಡುಕಿ, ಸಾಲಲ್ಲಿ ನಿಂತು ಬೈಕಿಗೆ ತುಂಬಿಸಿಟ್ಟಿದೀನಿ."

"ಆಹಾ! ಆ ಬೈಕಲ್ಲಿರೋದು ನನ್ನ ಪೆಟ್ರೋಲೇ!" ನಾನು ಕೂಗಿಯೇಬಿಟ್ಟೆ.

ಹಿಂದಿನ ಸೀಟಿನಿಂದ ಅತ್ತೆಯವರ ದನಿ ಬಂತು. "ಅಳಿಯಂದ್ರೇ, ನನಗೆ ಕಣ್ಣು ಕಾಣಲ್ಲ, ಕಿವಿ ಕೇಳುತ್ತೆ. ದಿನಾ ಬೆಳಿಗ್ಗೆ ಸಂಜೆ ಈ ಕಾರು ನಿಂತಲ್ಲೇ ಗುರ್ ಅಂತಿತ್ತು. ಭಾನುವಾರವಂತೂ ಮಧ್ಯಾಹ್ನ ಪೂರ್ತಿ ಗುರ್ ಅಂತು. ಪೆಟ್ರೋಲ್ ಕುಡೀದೆ ಅದು ಗುರ್ ಅನ್ನುತ್ತಾ?"

ಎಲ್ಲರೂ ನನ್ನನ್ನೇ ನೋಡಿದರು. (ಅತ್ತೆಯೂ ಸರಿಯಾಗಿ ನನ್ನತ್ತಲೇ ತಿರುಗಿದ್ದರು.)

"ಅದು... ಪೆಟ್ರೋಲ್ ಇದೆಯಾ ಅಂತ ನೋಡೋಕೆ..." ಎಂದೆ.

"ಬೇಲಿ ಯಾವುದು ಅಂತ ಈಗ ಗೊತ್ತಾಯ್ತು," ಎಂದಳು ಹೆಂಡತಿ. ಎಷ್ಟೋ ದಿನಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ಭಾವಮೈದುನ ಪೈಪಿನ ಒಂದು ತುದಿಯನ್ನು ಬೈಕಿನ ಟ್ಯಾಂಕಿಗಿಳಿಸಿ ಇನ್ನೊಂದನ್ನು ನನ್ನ ಮುಂದೆ ಹಿಡಿದ. "ನನಗೆ ನೆಗಡಿ ಭಾವ, ನೀವೇ ಎಳೀರಿ." ಅವನ ಮೂಗು ಚೆನ್ನಾಗಿಯೇ ಇತ್ತು, ಆದರೆ ಅನುಮಾನ ಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎಳೆದೆ. ಮೊದಲು ಮೀನಿನ ರುಚಿ ಬಂತು, ಆಮೇಲೆ ಬಾಯಿ ತುಂಬ ಪೆಟ್ರೋಲು. ಉಗುಳಿ, ಬಾಯಿ ಮುಕ್ಕಳಿಸಿ, ಕಾರು ಹತ್ತಿದರೂ ವಾಸನೆ ಬಿಡಲಿಲ್ಲ. ಆಸ್ಪತ್ರೆಯ ನರ್ಸ್ ನನ್ನನ್ನು ವಾರ್ಡಿನಾಚೆ ಮರದ ಕೆಳಗೆ ಕೂರಿಸಿದಳು. ನನ್ನ ಪಕ್ಕ ಯಾರೂ ಬೀಡಿ ಹಚ್ಚದಂತೆ ನೋಡಿಕೊಳ್ಳಲು ಕಾವಲುಗಾರನಿಗೂ ಹೇಳಿ ಹೋದಳು.

ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದರು. ಅತ್ತೆ ಮಗಳ ಮುಖ ನೋಡಿದರು, ಮಗನ ಕೆನ್ನೆ ಸವರಿ "ಎಷ್ಟು ಸೊರಗಿದ್ದೀಯೋ," ಎಂದು ಅತ್ತರು. ನಾನೂ ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. (ಪೆಟ್ರೋಲಿನ ಉರಿ ಎಂದೇ ಎಲ್ಲರೂ ತಿಳಿದರು.)

ವಾಪಸು ಬರುವಾಗ ಅತ್ತೆ ಮುಂದಿನ ಸೀಟೇ ಬೇಕೆಂದರು. ದಾರಿಯಲ್ಲಿ ಮರ ನೋಡುತ್ತಾರೆ, ಜನ ನೋಡುತ್ತಾರೆ ಎಂದುಕೊಂಡೆ. ಅವರು ಮನೆ ತಲುಪುವ ತನಕ ನೋಡಿದ್ದು ಮುಳ್ಳನ್ನೇ. ಕಾರು ನಿಂತ ಕೂಡಲೇ ನನ್ನ ಮುಂದೆ ಕೈಚಾಚಿದರು.

"ಆ ಕೀಲಿ ನನ್ನ ಹತ್ರ ಇರಲಿ. ನಿಮ್ಮ ಮೇಲೆ ಅನುಮಾನ ಅಂತಲ್ಲ, ಅಳಿಯಂದ್ರೇ."